ಎಪ್ಪತ್ತರ ಹತ್ತಿರ

ಮುಳ್ಳು ಎಪ್ಪತ್ತರ ಹತ್ತಿರ ಬಂದರೆ ಸಾಕು,
ಕಾರಿನ ತಳದಲ್ಲಿ ಯಾರೋ ರಾಗಿ ಬೀಸಲು ಕೂರುತ್ತಾರೆ.
ಅರವತ್ತಕ್ಕೆ ಇಳಿಸಿದರೆ
ಸೆರಗು ಕೊಡವಿ ಎದ್ದುಹೋಗುತ್ತಾರೆ.

ಇಪ್ಪತ್ತೆರಡು ವರ್ಷ ಅಳತೆ ತೂಕದ ಇಲಾಖೆಯಲ್ಲಿದ್ದವಳು ನಾನು.
ತಕ್ಕಡಿ ತಟ್ಟೆಯ ಬುಡಕ್ಕೆ ಹುಣಸೆಹಣ್ಣು ಮೆತ್ತಿದವರನ್ನು
ಬೆರಳಲ್ಲಿ ಸವರಿಯೇ ಹಿಡಿದವಳು.
ಈ ಒಂದು ಸದ್ದು ಕೈಗೆ ಸಿಗುತ್ತಿಲ್ಲ.

ಭಾನುವಾರ, ಬೆಳಗಿನ ಐದು ಗಂಟೆ, ತುಮಕೂರು ರಸ್ತೆ.
ನ್ಯೂಟ್ರಲ್‌ಗೆ ಹಾಕಿ ಕಾರನ್ನು ಅದರ ಪಾಡಿಗೆ ಬಿಟ್ಟೆ.
ಎಂಜಿನ್ ಸುಮ್ಮನಾಯಿತು, ಬೀಸುವವರು ನಿಲ್ಲಲಿಲ್ಲ.
ಸರಿ, ಎಂಜಿನ್ ನಿರಪರಾಧಿ.
ಕಾಂಕ್ರೀಟಿನ ಮೇಲೆ ಜೋರು, ಡಾಂಬರಿನ ಮೇಲೆ ಗೊಣಗು,
ಫ್ಲೈಓವರಿನ ಕೀಲುಗಳ ಮೇಲೆ ಟಕ್ ಟಕ್, ಟಕ್ ಟಕ್,
ಆಮೇಲೆ ಮತ್ತೆ ಅದೇ ರಾಗಿ.

ಪಕ್ಕದಲ್ಲಿ ಇವರು, ತೊಡೆಯ ಮೇಲೆ ನನ್ನ ಹಳೇ ತಪಾಸಣೆ ಡೈರಿ.
"ಎಷ್ಟು ಅಂತ ಬರೀಲಿ?"
"ಏನು?"
"ಎಷ್ಟು! ಅಂತ! ಬರೀಲಿ!"
"ಜೋರು ಅಂತ ಬರೀರಿ!"

ಮನೆಗೆ ಬಂದು, ಹಾಲಿನ ಲೆಕ್ಕದ ಚೀಟಿಯನ್ನು
ಒಂದೊಂದೇ ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆದೆ.
ಮೂರು ಬಾಗಿಲು ಬಿಗಿಯಾಗಿ ಹಿಡಿದುಕೊಂಡವು.
ನಾಲ್ಕನೆಯದು, ಇವರು ಕೂರುವ ಕಡೆಯದು,
ಲಂಚ ತಿಂದ ಗುಮಾಸ್ತನ ಹಾಗೆ
ಚೀಟಿಯನ್ನು ಸಲೀಸಾಗಿ ಬಿಟ್ಟುಕೊಟ್ಟಿತು.

ಶಾಂತಿನಗರದ ಒಂದು ಓಣಿ, ದಸ್ತಗೀರ್ ಸಾಬರ ಗ್ಯಾರೇಜು.
"ಟೈರಿನ ಮೇಲೆ ಅಂಗೈ ಆಡ್ಸಿ ಮೇಡಂ.
ಹಿಂಗೆ ಹೋದ್ರೆ ನುಣುಪು. ಹಂಗೆ ಬಂದ್ರೆ?"
ಬೆಕ್ಕಿನ ನಾಲಿಗೆ, ಅಂದೆ.
ಅಲೈನ್‌ಮೆಂಟ್ ಮರೆತ ವರ್ಷಗಳೆಲ್ಲ
ಅಲ್ಲಿ ಹಲ್ಲು ಮೂಡಿಸಿಕೊಂಡು ಕೂತಿದ್ದವು.

ಜಾಕಿ ಏರಿಸಿ ಚಕ್ರ ತಿರುಗಿಸಿದರು,
ಸ್ಪ್ರಿಂಗಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು.
"ಬೆರಳಲ್ಲೇ ಕೇಳೋದು ನಾನು.
ತಗಡು ಬಡಿದು ಬಡಿದು ಎಡಗಿವಿ ಯಾವತ್ತೋ ಹೋಯ್ತು.
ಎಡಕ್ಕೆ ತಿರುಗಿಸಿದ್ರೆ ಸದ್ದು ಜಾಸ್ತಿ ಆಗತ್ತಲ್ಲ?
ಹಂಗಾದ್ರೆ ಬಲಗಡೆ ಬೇರಿಂಗು.
ಭಾರ ಬಿದ್ದ ಕಡೆಯೇ ಅಲ್ವಾ ನರಳೋದು."

ಬೇರಿಂಗು ಹೊಸದು, ಹಿಂದಿನ ಎರಡು ಟೈರು ಹೊಸದು,
ಬಾಗಿಲಿಗೆ ಹೊಸ ರಬ್ಬರು.
ಬಾಗಿಲ ಒಳಮೈ ಬಿಚ್ಚಿ ಕಪ್ಪು ಹಾಳೆ ಅಂಟಿಸಿ
ಚಪಾತಿ ಲಟ್ಟಿಸುವ ಹಾಗೆ ರೋಲರ್ ಆಡಿಸಿದರು.
ಬಡಿದು ನೋಡಿದೆ: ಬೆಳಿಗ್ಗೆ ಖಾಲಿ ತಪ್ಪಲೆ, ಈಗ ಕುಂಬಳಕಾಯಿ.
ಗಾಳಿ ನಲವತ್ತಿತ್ತು, ಮೂವತ್ತೆರಡಕ್ಕೆ ಇಳಿಸಿದರು.
ಅದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳಲಿಲ್ಲ.

"ಪೂರ್ತಿ ಹೋಗಲ್ಲ ಮೇಡಂ, ರಸ್ತೆ ಅಂದ್ಮೇಲೆ ಸದ್ದು ಇರತ್ತೆ.
ದೊಡ್ಡದು ಹೋದ್ರೆ ಸಣ್ಣದೆಲ್ಲ ಎದ್ದು ಬರತ್ತೆ,
ಆಗ ನನ್ನ ಬೈಬೇಡಿ."

ನೈಸ್ ರಸ್ತೆ. ಎಪ್ಪತ್ತು. ಎಪ್ಪತ್ತೈದು.
ಕಾದೆ. ಬೀಸುವವರು ಬರಲಿಲ್ಲ.
ಕಿಟಕಿಯ ಅಂಚಿನಲ್ಲಿ ಒಂದು ಪಾವು ಗಾಳಿ, ಅಷ್ಟೇ.
ಇವರ ಕೆನ್ನೆಯ ಮೇಲೆ ಸಂಜೆ ಬಿಸಿಲು.
"ಬಿಸಿಲು ಬೀಳ್ತಿದೆ, ಪರದೆ ಎಳ್ಕೊಳ್ಳಿ!" ಅಂದೆ.
ಇವರು ಬೆಚ್ಚಿ ತಿರುಗಿದರು.
"ಯಾಕೆ ಬೈತೀಯಾ?"

"ನಾನೆಲ್ಲಿ ಬೈದೆ!"
ಅದೂ ಅಷ್ಟೇ ಜೋರಿತ್ತು.

ಒಂಬತ್ತು ವರ್ಷದಿಂದ ಈ ಕಾರಿನಲ್ಲಿ
ಕಾಫಿ ಕುಡಿಯೋಣವಾ, ಮಂಡಿ ನೋವು ಹೇಗಿದೆ,
ಅಗೋ ಅಲ್ಲಿ ಮುತ್ತುಗ ಹೂ ಬಿಟ್ಟಿದೆ,
ಎಲ್ಲವನ್ನೂ ಎಪ್ಪತ್ತರ ದನಿಯಲ್ಲೇ ಹೇಳಿದ್ದೇನೆ.
ಪ್ರತಿ ಮಾತಿನ ಬುಡಕ್ಕೂ ಹುಣಸೆಹಣ್ಣು.
ಮನೆಯಲ್ಲೂ ಹಾಗೇ ತೂಗುತ್ತಿದ್ದೆನೋ ಏನೋ,
ಅಲ್ಲಿ ತಪಾಸಣೆಗೆ ಯಾರು ಬರುತ್ತಾರೆ.

ಹಿಂದಿನಿಂದ ಟಿಕ್.
ಸ್ವಲ್ಪ ಬಿಟ್ಟು, ಇನ್ನೊಂದು ಟಿಕ್.
"ಸೀಟ್‌ಬೆಲ್ಟಿನ ಕೊಂಡಿ ಇರಬೇಕು," ಅಂದರು ಇವರು,
ತೀರಾ ಮೆಲ್ಲಗೆ,
ಅವರಿಗೆ ಇಂಥ ದನಿ ಇದೆಯೆಂಬುದೇ ಮರೆತಿತ್ತು.

"ಏನು?" ಅಂದೆ.
ಕೇಳಿಸಿತ್ತು.
ಆದರೂ ಕೇಳಿದೆ.